ಲ್ಯಾಪ್‌ಟಾಪ್ ಪರದೆ ಒಡೆದಿದೆ: ಮಾನಿಟರ್ ತಗೊಳ್ಳಲಾ, ಪರದೆನೇ ಹಾಕಿಸಲಾ? ಅನುಭವ ಇದ್ದವರು ಹೇಳಿ

ಪಿಜಿ ಹುಡುಗಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಕೀಬೋರ್ಡ್ ಮೇಲೆ ಇಯರ್‌ಫೋನ್ ಇತ್ತು, ನೋಡದೆ ಮುಚ್ಚಳ ಹಾಕಿಬಿಟ್ಟೆ. ಪಟ್ ಅಂತ ಸದ್ದಾಯಿತು. ಈಗ ಎಡಗಡೆ ಮಸಿ ಚೆಲ್ಲಿದ ಹಾಗೆ ಕಪ್ಪು, ಬಲಗಡೆ ಬರೀ ಬಣ್ಣದ ಗೆರೆ. 15.6 ಇಂಚು, ಫುಲ್ ಎಚ್‌ಡಿ, ನಾಲ್ಕು ವರ್ಷ ಹಳೆಯದು. ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ 13,800 ಹೇಳಿದರು. ಹೊರಗಿನ ಅಂಗಡಿಯಲ್ಲಿ 5,500. ಇನ್ನೊಂದಿಷ್ಟು ಸೇರಿಸಿದರೆ 24 ಇಂಚಿನ ಮಾನಿಟರೇ ಬರುತ್ತದೆ. ನಾನಿರುವುದು ಪಿಜಿಯಲ್ಲಿ, ಟೇಬಲ್ ಚಿಕ್ಕದು. ಹದಿನೈದು ದಿನಕ್ಕೊಮ್ಮೆ ಊರಿಗೆ ಹೋಗಿ ಅಲ್ಲಿಂದಲೂ ಕೆಲಸ ಮಾಡಬೇಕು. ಯಾವುದು ಸರಿ?

ಗದಗದ ಡಿಟಿಪಿ

ಮಾನಿಟರ್ ತಗೊಳ್ರಿ ಮೇಡಂ. ನಾನು ತಗೊಂಡು ಮೂರು ವರ್ಷ ಆಯಿತು, ಒಂದು ದಿನವೂ ಬೇಜಾರಾಗಿಲ್ಲ. ಆದರೆ ಮೊದಲು ತಂದಿದ್ದು ತಪ್ಪು ಮಾನಿಟರ್. ಅದನ್ನ ಹೇಳಲೇಬೇಕು.

ನನ್ನದು ಡಿಟಿಪಿ ಕೆಲಸ. ಲಗ್ನಪತ್ರಿಕೆ, ಬಿಲ್ ಬುಕ್, ಪಾಂಪ್ಲೆಟ್. ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡುತ್ತೇನೆ. ದೊಡ್ಡದಿದ್ದಷ್ಟೂ ಒಳ್ಳೆಯದು ಅಂದುಕೊಂಡು 27 ಇಂಚಿನದು ತಂದೆ, 9,800 ರೂಪಾಯಿ. ರೆಸಲ್ಯೂಷನ್ (ಪರದೆಯಲ್ಲಿರುವ ಪಿಕ್ಸೆಲ್ ಅನ್ನುವ ಚುಕ್ಕಿಗಳ ಲೆಕ್ಕ) ಮಾತ್ರ ಲ್ಯಾಪ್‌ಟಾಪಿನದ್ದೇ, ಫುಲ್ ಎಚ್‌ಡಿ, 1920 ಬೈ 1080. ನಿಮ್ಮ 15.6 ಇಂಚಿನ ಪರದೆಯಲ್ಲಿ ಇಂಚಿಗೆ 141 ಪಿಕ್ಸೆಲ್ ಇರುತ್ತವೆ. ಅಷ್ಟನ್ನೇ 27 ಇಂಚಿಗೆ ಹರಡಿದರೆ ಇಂಚಿಗೆ 82. ಇಂಗ್ಲಿಷಿಗೆ ಹೇಗೋ ನಡೆಯುತ್ತದೆ, ಕನ್ನಡಕ್ಕೆ ನಡೆಯಲ್ಲ. ದ ಮತ್ತು ಧ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಗೀಟು. ಪ, ಫ ಹಾಗೇ. ಬ, ಭ ಹಾಗೇ. ಒತ್ತಕ್ಷರ ಇನ್ನೂ ಚಿಕ್ಕದು. ಇಡೀ ಪುಟ ಒಟ್ಟಿಗೆ ಕಾಣುವ ಹಾಗೆ ಇಟ್ಟುಕೊಂಡು ಪ್ರೂಫ್ ನೋಡಿದೆ. ಒಂದು ಲಗ್ನಪತ್ರಿಕೆಯಲ್ಲಿ 'ಧನಲಕ್ಷ್ಮಿ' ಅನ್ನುವುದು 'ದನಲಕ್ಷ್ಮಿ' ಆಗಿ ಅಚ್ಚಾಯಿತು. ಮದುವೆ ಹುಡುಗಿಯ ಹೆಸರದು. 400 ಪತ್ರಿಕೆ ಮತ್ತೆ ಹಾಕಿಸಿಕೊಟ್ಟೆ. ಕಾಗದ, ಪ್ರಿಂಟು, ಲಕೋಟೆ ಸೇರಿ 5,600 ಕೈಯಿಂದ ಹೋಯಿತು. ಆ ಹುಡುಗಿಯ ಅಪ್ಪನ ಮುಂದೆ ನಿಂತಿದ್ದು ಇವತ್ತಿಗೂ ಮರೆತಿಲ್ಲ.

ಆ ಮಾನಿಟರನ್ನು 6,500ಕ್ಕೆ ಮಾರಿ 24 ಇಂಚಿನ ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಥರದ ಪರದೆ) ತಂದೆ, 10,200. ಇಂಚಿಗೆ 92 ಪಿಕ್ಸೆಲ್. ಈಗ ಗೀಟು ಕಾಣುತ್ತದೆ. 27 ಇಂಚೇ ಬೇಕು ಅಂದರೆ 2560 ಬೈ 1440 ತಗೊಳ್ಳಬೇಕು, ಆಗ 109 ಸಿಗುತ್ತದೆ. ನಾನು ಕೇಳಿದಾಗ ಅದಕ್ಕೆ 17 ಸಾವಿರ ಇತ್ತು, ನನ್ನ ಕೈಗೆ ಎಟುಕಲಿಲ್ಲ.

ತೀರ್ಥಹಳ್ಳಿ ಕಡೆಯವಳು

ಮಾನಿಟರ್ ತಗೊಳ್ಳಿ ಅನ್ನುವವರು ಮಾನಿಟರಿಗೆ ಬ್ಯಾಟರಿ ಇಲ್ಲ ಅನ್ನುವುದನ್ನ ಯಾಕೆ ಹೇಳುವುದಿಲ್ಲ?

ನಮ್ಮ ಮನೆ ತೋಟದ ನಡುವೆ ಇದೆ. ಜೂನ್ ಬಂತು ಅಂದರೆ ಲೈನ್ ಮೇಲೆ ಮರ ಬೀಳುವುದು ಮಾಮೂಲಿ. ಪರದೆ ಒಡೆದಾಗ ನಾನೂ 8,700 ಕೊಟ್ಟು 22 ಇಂಚಿನ ಮಾನಿಟರ್ ತಂದೆ. ಮೊದಲ ಮಳೆಗೇ ಗೊತ್ತಾಯಿತು. ಕರೆಂಟ್ ಹೋದ ತಕ್ಷಣ ಮಾನಿಟರ್ ಕಪ್ಪು. ಲ್ಯಾಪ್‌ಟಾಪಿನ ಬ್ಯಾಟರಿ ಇನ್ನೂ ಎರಡು ಗಂಟೆ ಓಡುತ್ತದೆ, ಆದರೆ ನನಗೇನೂ ಕಾಣುವುದಿಲ್ಲ. ಮೀಟಿಂಗಲ್ಲಿ ನನ್ನ ಮೈಕ್ ಆನ್ ಇದೆಯೋ ಆಫ್ ಇದೆಯೋ ಅಂತಲೂ ತಿಳಿಯದೆ ಕೂತಿದ್ದೇನೆ.

ಆಮೇಲೆ 600 ವಿಎ ಯುಪಿಎಸ್ ತಂದೆ, 3,200. ಎರಡು ವರ್ಷಕ್ಕೆ ಅದರ ಬ್ಯಾಟರಿ ಹೋಯಿತು, ಹೊಸದಕ್ಕೆ 1,100. ಮರುವರ್ಷ ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿಗೆ ಎಚ್‌ಡಿಎಂಐ ಪೋರ್ಟ್ ಸುಟ್ಟಿತು. ಮನೆಯ ಅರ್ತಿಂಗ್ ಸರಿ ಇರಲಿಲ್ಲ ಅಂತ ರಿಪೇರಿಯವರು ಹೇಳಿದರು. ಬೋರ್ಡ್ ಕೆಲಸಕ್ಕೆ ಶಿವಮೊಗ್ಗದಲ್ಲಿ 4,500. ಎಲ್ಲ ಕೂಡಿಸಿ ನೋಡಿ, 17,500. 5,500ಕ್ಕೆ ಮುಗಿಯುವ ಕೆಲಸ ಅದು. ಪರದೆ ಹಾಕಿಸು ಅಂತ ಅವತ್ತು ಒಬ್ಬರೂ ನನಗೆ ಹೇಳಲಿಲ್ಲ, ಆ ಬೇಜಾರು ಇನ್ನೂ ಇದೆ.

ಗದಗದ ಡಿಟಿಪಿ

ಅಕ್ಕ, ಸಿಡಿಲು ಹೊಡೆದರೆ ಅದು ಮಾನಿಟರಿನ ತಪ್ಪೇನ್ರಿ? ಅರ್ತಿಂಗ್ ಇಲ್ಲದ ಮನೆಯಲ್ಲಿ ಬರೀ ಚಾರ್ಜರ್ ಹಾಕಿದ್ದರೂ ಬೋರ್ಡ್ ಹೋಗಬಹುದಿತ್ತು.

ತೀರ್ಥಹಳ್ಳಿ ಕಡೆಯವಳು

ಗುಡುಗಿದಾಗ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಕೆಲಸ ಮಾಡುವುದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು ಸರ್. ಮಾನಿಟರ್ ಇದ್ದರೆ ಅದು ಆಗಲ್ಲ, ಅದನ್ನೇ ನಾನು ಹೇಳುತ್ತಿರುವುದು. ನಿಮ್ಮ 5,600 ಹೋಗಿದ್ದಕ್ಕೂ ಮಾನಿಟರನ್ನೇ ದೂರಿದಿರಿ. ಜೂಮ್ ಮಾಡಿ ನೋಡಿದ್ದರೆ ಆ ಗೀಟು ಕಾಣುತ್ತಿರಲಿಲ್ವಾ?

ತುಮಕೂರಿನ ಮೇಷ್ಟ್ರು

ಪರದೆ ಹಾಕಿಸುವುದು 5,500ಕ್ಕೆ ಮುಗಿಯುತ್ತದೆ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಪರದೆ ಹಾಕಿಸಿದವನೇ. ಹಾಕಿಸಿದ್ದು ಸರಿ ಅಂತಲೇ ಹೇಳುತ್ತೇನೆ. ಆದರೆ ನಾಲ್ಕು ಸಲ ಬೆಂಗಳೂರಿನ ಎಸ್.ಪಿ. ರೋಡಿಗೆ, ಆ ಕಂಪ್ಯೂಟರ್ ಅಂಗಡಿಗಳ ಬೀದಿಗೆ, ಓಡಾಡಿದ್ದೇನೆ.

ಮೊದಲ ಸಲ ಭಾನುವಾರ ಹೋದೆ, ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿದ್ದವು. ಎರಡನೇ ಸಲ ಲ್ಯಾಪ್‌ಟಾಪ್ ಮನೆಯಲ್ಲೇ ಬಿಟ್ಟು ಮಾಡೆಲ್ ನಂಬರ್ ಹೇಳಿ ಪರದೆ ತಂದೆ, ತುಮಕೂರಿನಲ್ಲೇ ಹಾಕಿಸೋಣ ಅಂತ. ಬಿಚ್ಚಿ ನೋಡಿದರೆ ಪರದೆಗೆ ಕೇಬಲ್ ಕೂಡಿಸುವ ಜಾಗದಲ್ಲಿ ನನ್ನದು 30 ಪಿನ್, ಅವರು ಕೊಟ್ಟಿದ್ದು 144 ಹರ್ಟ್ಸಿನ 40 ಪಿನ್. ಒಂದೇ ಮಾಡೆಲ್ ಹೆಸರಲ್ಲಿ ಕಂಪನಿಯವರು ಬೇರೆ ಬೇರೆ ಪ್ಯಾನೆಲ್ ಹಾಕಿರುತ್ತಾರೆ. ಅದನ್ನು ಮಾಡಿದ ಕಂಪನಿ ಬಿಒಇ ಇರಬಹುದು, ಎಯುಒ ಇರಬಹುದು, ಇನ್ನೋಲಕ್ಸ್ ಇರಬಹುದು. ಮಾಡೆಲ್ ನಂಬರಿನಿಂದ ಏನೂ ಗ್ಯಾರಂಟಿ ಇಲ್ಲ. ಪ್ಯಾನೆಲ್ ಬೆನ್ನಿಗೆ ಸ್ಟಿಕ್ಕರ್ ಇರುತ್ತದೆ, ಅದರ ಮೇಲಿನ ನಂಬರೇ ಆಧಾರ. ಮೂರನೇ ಸಲ ಪಿನ್ ಸರಿ ಇತ್ತು, ಆದರೆ ಪಕ್ಕದಲ್ಲಿ ಸ್ಕ್ರೂ ಹಾಕುವ ಕಿವಿಗಳಿರುವ ಪ್ಯಾನೆಲ್. ನನ್ನದು ಕಿವಿ ಇಲ್ಲದ್ದು. ಫ್ರೇಮು ಕೂರಲೇ ಇಲ್ಲ.

ನಾಲ್ಕನೇ ಸಲ ರಜೆ ಹಾಕಿ, ಲ್ಯಾಪ್‌ಟಾಪನ್ನೇ ಹೊತ್ತುಕೊಂಡು ಹೋಗಿ ಎದುರಿಗೆ ಕೂತು ಹಾಕಿಸಿದೆ. ಬಿಚ್ಚುವಾಗ ಹಿಂಜ್ (ಮುಚ್ಚಳದ ಕೀಲು) ಕಿತ್ತಿತು. ಮೊದಲೇ ಸಡಿಲ ಇತ್ತು ಅಂದರು ಅವರು, ಇರಲಿಲ್ಲ ಅಂದೆ ನಾನು. 1,400 ಕೊಟ್ಟು ಹಿಂಜ್ ಹಾಕಿಸಿದೆ. ಪರದೆಗೆ 5,200. ತುಮಕೂರಿಂದ ಜಾಲಹಳ್ಳಿಗೆ ಬಸ್ಸು, ಅಲ್ಲಿಂದ ಚಿಕ್ಕಪೇಟೆಗೆ ಮೆಟ್ರೋ, ಊಟ, ಎಲ್ಲ ಸೇರಿ ಸಲಕ್ಕೆ 300ರಂತೆ 1,200. ಒಟ್ಟು 7,800. ಬಣ್ಣ ಹಳೆಯದಕ್ಕಿಂತ ಸ್ವಲ್ಪ ಮಂಕು. ಆದರೂ ಇವತ್ತು ಸ್ಟಾಫ್ ರೂಮಲ್ಲಿ, ಬಸ್ಸಲ್ಲಿ, ಅತ್ತೆ ಮನೆಯಲ್ಲಿ ಎಲ್ಲಿ ಬೇಕಾದರೂ ತೆಗೆದು ಕೂರುತ್ತೇನೆ. ಮಾನಿಟರ್ ಹೊತ್ತುಕೊಂಡು ಹೋಗಲು ಆಗುತ್ತಾ?

ಹುಬ್ಬಳ್ಳಿ ಕೋಡರ್

ನಾನು ಇವೆರಡೂ ಮಾಡಲಿಲ್ಲ. ಒಡೆದ ಪರದೆಯ ಜೊತೆ ಮುಚ್ಚಳವನ್ನೇ ಪೂರ್ತಿ ಬಿಚ್ಚಿ ತೆಗೆದೆ. ಈಗ ಬರೀ ಕೀಬೋರ್ಡ್ ಇರುವ ತೆಳು ಡಬ್ಬ, ಮುಂದೆ 24 ಇಂಚಿನ ಮಾನಿಟರ್. ಟೇಬಲ್ ಮೇಲೆ ಎಷ್ಟು ಜಾಗ ಉಳಿಯುತ್ತದೆ ಗೊತ್ತಾ? ಗಾಳಿಯೂ ಚೆನ್ನಾಗಿ ಆಡುತ್ತದೆ, ಬಿಸಿ ಕಮ್ಮಿ.

ಮಾಡುವವರು ಮೂರು ವಿಷಯ ತಿಳಿದಿರಬೇಕು. ನನಗೆ ಮೊದಲೇ ಗೊತ್ತಿರಲಿಲ್ಲ. ಒಂದು, ವೈಫೈ ಆಂಟೆನಾ ತುಂಬಾ ಲ್ಯಾಪ್‌ಟಾಪುಗಳಲ್ಲಿ ಪರದೆಯ ಸುತ್ತ ಮುಚ್ಚಳದೊಳಗೇ ಇರುತ್ತದೆ. ಅದನ್ನು ಕತ್ತರಿಸಿದ ಮೇಲೆ ನನಗೆ ಪಕ್ಕದ ಕೋಣೆಯ ರೌಟರೂ ಸಿಗಲಿಲ್ಲ. ಯುಎಸ್‌ಬಿ ವೈಫೈ ಡಾಂಗಲ್ 450. ಎರಡು, ಕ್ಯಾಮೆರಾ, ಮೈಕ್ ಎರಡೂ ಹೋದವು. ವೆಬ್‌ಕ್ಯಾಮ್ 1,350. ಮೂರನೆಯದು ನಿಜವಾಗಲೂ ಕಾಡಿದ್ದು. ಒಂದು ಅಪ್‌ಡೇಟ್ ಆದ ಮೇಲೆ ಆನ್ ಮಾಡಿದರೆ ಮಾನಿಟರಿನಲ್ಲಿ ಏನೂ ಬರಲಿಲ್ಲ. ಕೆಲವು ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಶುರುವಾಗುವ ಮುಂಚಿನ ಪರದೆ ಒಳಗಿನ ಡಿಸ್ಪ್ಲೇಗೆ ಮಾತ್ರ ಹೋಗುತ್ತದೆ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಅದರ 48 ಅಂಕಿಯ ಕೀ ಕೇಳುತ್ತಾ ಕೂತಿತ್ತು, ನನಗೆ ಕಾಣುತ್ತಲೇ ಇರಲಿಲ್ಲ. ಎರಡು ದಿನದ ಕೆಲಸ ಹಾಳು. ಗೆಳೆಯನ ಹತ್ತಿರ ಹಳೆ ಪ್ಯಾನೆಲ್ ಸಿಕ್ಕಿ, ಕೇಬಲ್ ಹಾಕಿ ನೋಡಿದಾಗಲೇ ತಿಳಿದಿದ್ದು.

ತುಮಕೂರಿನ ಮೇಷ್ಟ್ರು

ಆಂಟೆನಾ ಕತ್ತರಿಸಿ, ಕ್ಯಾಮೆರಾ ಕಳೆದುಕೊಂಡು, 1,800 ಮತ್ತೆ ಖರ್ಚು ಮಾಡಿ ಇದನ್ನೂ ಒಂದು ದಾರಿ ಅಂತ ಹೇಳುತ್ತಿದ್ದೀರಾ? ಆ ಹುಡುಗಿ ಇದನ್ನು ಓದಿ ನಾಳೆ ಸ್ಕ್ರೂಡ್ರೈವರ್ ಹಿಡಿದರೆ ಯಾರು ಹೊಣೆ?

ಹುಬ್ಬಳ್ಳಿ ಕೋಡರ್

ಏನೇನು ಹೋಗುತ್ತದೆ ಅಂತ ಸ್ಪಷ್ಟವಾಗಿ ಬರೆದಿದ್ದೇನಲ್ಲ ಸರ್. ನಾಲ್ಕು ಸಲ ಬಸ್ಸು ಹತ್ತಿದ್ದು ನೀವು. ಸುಮ್ನೆ ನನ್ನ ಮೇಲೆ ಯಾಕೆ ರೇಗುತ್ತೀರಿ? ನನ್ನ ಮಷೀನು ಎರಡೂವರೆ ವರ್ಷದಿಂದ ದಿನಕ್ಕೆ ಹತ್ತು ಗಂಟೆ ಓಡುತ್ತಿದೆ.

ಟ್ಯಾಲಿ ಲೆಕ್ಕ

ಗದಗದವರಿಗೆ ಒಂದು ಮಾತು. 10,200ಕ್ಕೆ ಮಾನಿಟರ್ ತಂದೆ ಅಂದಿರಿ. ಅದರಲ್ಲಿ ಶೇಕಡಾ 18ರ ಜಿಎಸ್‌ಟಿ 1,556 ರೂಪಾಯಿ ಸೇರಿದೆ. ನಿಮ್ಮ ಜಿಎಸ್‌ಟಿ ನಂಬರ್ ಹಾಕಿಸಿ ಬಿಲ್ ತಗೊಂಡಿದ್ದರೆ ಇನ್‌ಪುಟ್ ಸಿಗುತ್ತಿತ್ತು, ಅಂದರೆ ನೀವು ಕಟ್ಟುವ ತೆರಿಗೆಯಲ್ಲಿ ಅಷ್ಟು ಕಳೆಯುತ್ತಿತ್ತು. ನಿಜವಾದ ಖರ್ಚು 8,644. ವ್ಯಾಪಾರ ಮಾಡುವವರು ಇದನ್ನೇ ಬಿಟ್ಟು ಲೆಕ್ಕ ಹೇಳುತ್ತಾರೆ. ನಾನು ಎರಡು ಮಾನಿಟರ್ ಹೀಗೇ ತಗೊಂಡೆ. ಎಡಗಡೆ ಟ್ಯಾಲಿ, ಬಲಗಡೆ ಜಿಎಸ್‌ಟಿ ಪೋರ್ಟಲ್. ರಿಟರ್ನ್ ಹಾಕುವ 20ನೇ ತಾರೀಕು ಹತ್ತಿರ ಬಂದಾಗ ಆ ಎರಡನೇ ಮಾನಿಟರ್ ನನಗೆ ಇನ್ನೊಬ್ಬ ಹುಡುಗನ ಸಮ.

ಗದಗದ ಡಿಟಿಪಿ

ನಂದು ಕಾಂಪೋಸಿಷನ್ ಸರ್, ಸಣ್ಣ ವ್ಯಾಪಾರದವರು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಪದ್ಧತಿ. ಕಾಂಪೋಸಿಷನ್‌ನವರಿಗೆ ಇನ್‌ಪುಟ್ ಬರೋದಿಲ್ಲ. ಕೇಳಿ ಆಮೇಲೆ ಹೇಳಬೇಕು.

ಟ್ಯಾಲಿ ಲೆಕ್ಕ

ಕಾಂಪೋಸಿಷನ್ ಅಂತ ನೀವು ಬರೆದಿರಲಿಲ್ಲ. ಹಾಗಿದ್ದರೆ ಸರಿ, 10,200ನೇ ನಿಮ್ಮ ಖರ್ಚು. ಆದರೆ ರೆಗ್ಯುಲರ್ ಇರುವವರು ಓದುತ್ತಿದ್ದರೆ ನಂಬರ್ ಹಾಕಿಸಿಕೊಳ್ಳಿ.

ಪಿಜಿ ಹುಡುಗಿ, ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. ನನಗೆ ಜಿಎಸ್‌ಟಿ ನಂಬರ್ ಇಲ್ಲ. ಪಿಜಿಯಲ್ಲಿ ಕರೆಂಟ್ ಹೋದರೆ ಜನರೇಟರ್ ಇದೆ, ಊರಲ್ಲಿ ಇಲ್ಲ. ಇವತ್ತಿಗೆ ಒಂದು ತುರ್ತು ಪ್ರಶ್ನೆ. ಪಿಜಿಯ ಹಾಲ್‌ನಲ್ಲಿರುವ ಟಿವಿಗೆ ಎಚ್‌ಡಿಎಂಐ ಹಾಕಿದೆ. ವಾಲ್‌ಪೇಪರ್ ಮಾತ್ರ ಬರುತ್ತದೆ, ನನ್ನ ಫೈಲುಗಳು ಯಾವುದೂ ಇಲ್ಲ. ಗ್ರಾಫಿಕ್ಸ್ ಕೂಡ ಹೋಗಿದೆಯಾ?

ಹುಬ್ಬಳ್ಳಿ ಕೋಡರ್

ಏನೂ ಹೋಗಿಲ್ಲ. ವಾಲ್‌ಪೇಪರ್ ಬಂತು ಅಂದರೆ ಗ್ರಾಫಿಕ್ಸ್ ಚೆನ್ನಾಗಿದೆ, ಹೋಗಿರುವುದು ಪ್ಯಾನೆಲ್ ಒಂದೇ. ಅದು ಎಕ್ಸ್‌ಟೆಂಡ್‌ನಲ್ಲಿದೆ, ಅಂದರೆ ಎರಡೂ ಪರದೆ ಸೇರಿ ಒಂದೇ ಅಗಲ ಪರದೆಯ ಥರ, ನಿಮ್ಮ ಫೈಲುಗಳು ಒಡೆದ ಪರದೆಯಲ್ಲಿವೆ. ವಿಂಡೋಸ್ ಕೀ ಹಿಡಿದು 'ಪಿ' ಒತ್ತಿ, 'ಸೆಕೆಂಡ್ ಸ್ಕ್ರೀನ್ ಓನ್ಲಿ' ಆರಿಸಿ. ಆ ಪಟ್ಟಿ ಒಡೆದ ಪರದೆಯಲ್ಲೇ ಬಂದು ಕಾಣದಿದ್ದರೆ ಬಾಣದ ಕೀಯಿಂದ ಒಂದೊಂದೇ ಇಳಿಸಿ ಎಂಟರ್ ಒತ್ತಿ ನೋಡಿ. ಮುಚ್ಚಳ ಹಾಕಿದರೆ ನಿದ್ದೆಗೆ ಹೋಗದಂತೆ ಪವರ್ ಆಪ್ಷನ್ಸ್‌ನಲ್ಲಿ 'ಡು ನಥಿಂಗ್' ಇಡಿ. ಬಿಟ್‌ಲಾಕರ್ ಕೀ ಇವತ್ತೇ ಬರೆದಿಟ್ಟುಕೊಳ್ಳಿ. ಟಿವಿಯಲ್ಲಿ ಅಂಚು ಕತ್ತರಿಸಿದ ಹಾಗೆ ಕಂಡರೆ ಟಿವಿಯ ಸೆಟ್ಟಿಂಗ್‌ನಲ್ಲಿ ಓವರ್‌ಸ್ಕ್ಯಾನ್ ಆಫ್ ಮಾಡಿ.

ನೈಟ್ ಶಿಫ್ಟ್, ಮಂಗಳೂರು

ಮಡಚಿ ಬ್ಯಾಗಿಗೆ ಹಾಕುವ 15.6 ಇಂಚಿನ ಪೋರ್ಟಬಲ್ ಮಾನಿಟರ್ ಬಗ್ಗೆ ಯಾರೂ ಹೇಳಲಿಲ್ಲ. ನಾನು 9,400 ಕೊಟ್ಟು ತಗೊಂಡೆ. ಒಂದೇ ಯುಎಸ್‌ಬಿ-ಸಿ ಕೇಬಲ್ ಸಾಕು ಅಂತ ಬಾಕ್ಸ್ ಮೇಲೆ ಬರೆದಿತ್ತು. ನನ್ನ ಲ್ಯಾಪ್‌ಟಾಪಿನ ಯುಎಸ್‌ಬಿ-ಸಿ ಬರೀ ಡೇಟಾ ಕೊಡುತ್ತದೆ, ಚಿತ್ರ ಕೊಡುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಹಾಗಾಗಿ ಚಿತ್ರಕ್ಕೆ ಮಿನಿ ಎಚ್‌ಡಿಎಂಐ ಕೇಬಲ್, ಕರೆಂಟಿಗೆ ಇನ್ನೊಂದು ಕೇಬಲ್. ಎರಡು ತಂತಿ ನೇತಾಡುತ್ತವೆ, ಆದರೂ ರೈಲಿನಲ್ಲೂ ಕೆಲಸ ನಡೆಯುತ್ತದೆ. ನನಗೆ ತೃಪ್ತಿ ಇದೆ.

ತೀರ್ಥಹಳ್ಳಿ ಕಡೆಯವಳು

9,400! ಅದೇ 15.6 ಇಂಚಿಗೆ! ಒಳಗಡೆ ಹಾಕಿಸಿದ್ದರೆ ತಂತಿಯೇ ಇರುತ್ತಿರಲಿಲ್ಲ, 3,900 ಉಳಿಯುತ್ತಿತ್ತು.

ನೈಟ್ ಶಿಫ್ಟ್, ಮಂಗಳೂರು

ನನ್ನ ಪರದೆ ಒಡೆದಿದ್ದು ಆಫೀಸಿನ ಲ್ಯಾಪ್‌ಟಾಪಿನದು. ಹೊರಗೆ ಬಿಚ್ಚಿಸುವ ಹಾಗಿಲ್ಲ. ಒಬ್ಬೊಬ್ಬರ ಪರಿಸ್ಥಿತಿ ಒಂದೊಂದು ಥರ ಇರುತ್ತದೆ ಅಕ್ಕ.

ಪಿಜಿ ಹುಡುಗಿ, ದಾವಣಗೆರೆ

ಎರಡು ಸಲ ಬಾಣದ ಕೀ ಒತ್ತಿದ ಮೇಲೆ ಟಿವಿಯಲ್ಲಿ ಎಲ್ಲಾ ಬಂತು! ಇವತ್ತಿನ ಕೆಲಸ ಹಾಲ್‌ನಲ್ಲೇ ಕೂತು ಮುಗಿಸಿದೆ. ಊರಿಗೂ ಹೊತ್ತು ಹೋಗಬೇಕಲ್ಲ, ಪರದೆಯನ್ನೇ ಹಾಕಿಸುತ್ತೇನೆ. ಶನಿವಾರ ಅಂಗಡಿಗೆ ಹೋಗುವೆ. ಅವರು ಪ್ಯಾನೆಲ್ ತರಿಸಬೇಕು, ಅದಕ್ಕೆ 2,000 ಅಡ್ವಾನ್ಸ್ ಕೊಡಿ ಅಂತಿದ್ದಾರೆ. ಕೊಡಬಹುದಾ?

ತುಮಕೂರಿನ ಮೇಷ್ಟ್ರು

ಬಿಚ್ಚಿ ನೋಡದೆ ಒಂದು ರೂಪಾಯಿ ಕೊಡಬೇಡಮ್ಮ. ಮೊದಲು ನಿನ್ನ ಎದುರಿಗೇ ಫ್ರೇಮು ತೆಗೆಸು. ಸ್ಟಿಕ್ಕರಿನ ಫೋಟೋ ತಗೋ, ಪಿನ್ ಎಷ್ಟು ಅಂತ ಎಣಿಸು, ಕಿವಿ ಇದೆಯಾ ಇಲ್ವಾ ನೋಡು, ಹಿಂಜ್ ಎರಡೂ ಗಟ್ಟಿ ಇವೆ ಅಂತ ಅವರ ಬಾಯಲ್ಲೇ ಹೇಳಿಸು. ಹೊಸ ಪ್ಯಾನೆಲ್ ನಂಬರ್ ಬಿಲ್ ಮೇಲೆ ಬರೆಸು. ಹಾಕಿದ ಮೇಲೆ ಪೂರ್ತಿ ಬಿಳಿ, ಪೂರ್ತಿ ಕಪ್ಪು, ಎರಡೂ ಹಾಕಿ ನೋಡದೆ ಉಳಿದ ದುಡ್ಡು ಕೊಡಬೇಡ.

ಗದಗದ ಡಿಟಿಪಿ

ಕನ್ನಡದಲ್ಲೂ ನಾಲ್ಕು ಸಾಲು ಸಣ್ಣ ಅಕ್ಷರದಲ್ಲಿ ತೆರೆದು ನೋಡ್ರಿ ಮೇಡಂ. ಕೆಲವು ಅಂಗಡಿಯವರು ಫುಲ್ ಎಚ್‌ಡಿ ಜಾಗಕ್ಕೆ 1366 ಬೈ 768ರ ಪ್ಯಾನೆಲ್ ಹಾಕಿ ಕಳಿಸುತ್ತಾರೆ. ಧ ಅಕ್ಷರದ ಗೀಟು ಮಸುಕಾಗಿ ಕಂಡರೆ ಅಲ್ಲೇ ಡಿಸ್ಪ್ಲೇ ಸೆಟ್ಟಿಂಗ್ ತೆಗೆದು ರೆಸಲ್ಯೂಷನ್ ಓದಿ.