ಹಂದಿ ಫೀಡ್ ಖರ್ಚು ಕೈ ಮೀರ್ತಿದೆ, ಹೋಟೆಲ್ ಮುಸುರೆ ಹಾಕ್ಲಾ?

ಪಾಂಡವಪುರದವ:
ಎಲ್ರಿಗೂ ನಮಸ್ಕಾರ. ನಮ್ದು 14 ಹಂದಿ, ಯಾರ್ಕ್‌ಶೈರ್ ಕ್ರಾಸ್. ಹೋದ ತಿಂಗಳು 50 ಕೆಜಿ ಚೀಲ 26 ಖಾಲಿ. ಚೀಲಕ್ಕೆ 1,700 ಅಂದ್ರೆ 44,200 ರೂಪಾಯಿ. ಮೈಗೆ ಟೇಪ್ ಹಿಡಿದು ತೂಕ ಲೆಕ್ಕ ಹಾಕಿದ್ರೆ ಎಲ್ಲಾ ಸೇರಿ ಏರಿರೋದು ಸುಮಾರು 250 ಕೆಜಿ. ಒಂದು ಕೆಜಿ ಮೈ ಬರೋಕೆ 177 ರೂಪಾಯಿ ಫೀಡು! ವ್ಯಾಪಾರಿ ಜೀವಂತ ತೂಕಕ್ಕೆ ಕೆಜಿಗೆ 145 ಕೊಡ್ತೀನಿ ಅಂತಾನೆ. ರೇಟ್ ಏರ್ಲಿ ಅಂತ ನಾಲ್ಕು ದೊಡ್ಡವನ್ನ ಇನ್ನೂ ಕೊಟ್ಟಿಲ್ಲ, 115 ಕೆಜಿ ದಾಟವೆ. ನಮ್ಮಪ್ಪಂದು ದಿನಾ ಒಂದೇ ರಾಗ, "ಕಬ್ಬು ಹಾಕ್ಕೊಂಡಿದ್ರೆ ಸಾಕಾಗಿತ್ತು". ಮೈಸೂರಿನ ಹೋಟೆಲ್ ಒಂದ್ರಿಂದ ದಿನಾ 100 ಕೆಜಿ ಮುಸುರೆ ಸಿಗುತ್ತೆ, ಆಟೋ ಬಾಡಿಗೆ 400. ಶುರು ಮಾಡ್ಲಾ?

ಮದ್ದೂರು ಗೌಡ:
ಹಾಕು ಗುರು, ನಮ್ಮ ಕಡೆ ಸುಮಾರು ಜನ ಅದರಲ್ಲೇ ಸಾಕ್ತಾವ್ರೆ.

ನಂಜನಗೂಡು ಫಾರಂ:
ತಡೀರಿ ಅಣ್ಣ. ನಾನೂ ಎರಡು ವರ್ಷ ಮುಸುರೆ ಹೊತ್ತವನೇ. ಅದರಲ್ಲಿ ಮುಕ್ಕಾಲು ಪಾಲು ನೀರು. 100 ಕೆಜಿಲಿ ಒಣ ಲೆಕ್ಕ 25 ಕೆಜಿ, ನಿಮ್ಮ ಫೀಡ್ ರೇಟಲ್ಲಿ 850 ರೂಪಾಯಿ. ಆಟೋ, ಸೌದೆ ಕಳೆದ್ರೆ 300 ಉಳಿದ್ರೆ ಹೆಚ್ಚು. ಅದೂ ಬರೀ ಅನ್ನ, ಪ್ರೋಟೀನ್‌ಗೆ ಮತ್ತೆ ಹಿಂಡಿ ತರಬೇಕು. ಉಪ್ಪಿನಕಾಯಿ, ಸಾಂಬಾರ್ ಬಿದ್ದಿದ್ದು ತಿಂದು ಕುಡಿಯೋಕೆ ನೀರಿಲ್ದಿದ್ರೆ ಉಪ್ಪೇರಿ ಸಾಯ್ತವೆ. ಇದಕ್ಕಿಂತ ದೊಡ್ಡ ಭಯ ಆಫ್ರಿಕನ್ ಹಂದಿ ಜ್ವರ. 2020ರಲ್ಲಿ ಅಸ್ಸಾಂ ಕಡೆ ಕಾಣಿಸ್ಕೊಂಡಿದ್ದು, ಔಷಧಿ ಇಲ್ಲ. ಅದು ಹತ್ಕೊಳ್ಳೋಕೆ ಮುಸುರೇಲಿ ಹಂದಿ ಮಾಂಸದ ಚೂರಿದ್ರೆ ಸಾಕು. ಹಾಕಲೇಬೇಕು ಅಂದ್ರೆ ಕುದಿ ಬಂದ ಮೇಲೂ ಒಂದು ಗಂಟೆ ಕೆದಕ್ತಾ ಬೇಯಿಸಿ.

ನಿಮ್ಮ ರೋಗ ಬೇರೆ ಕಡೆ ಇದೆ. ಒಂದು ಕೆಜಿ ಮೈ ಬರೋಕೆ 5.2 ಕೆಜಿ ಫೀಡ್ ಹೋಗ್ತಿದೆ, ಮೂರೂವರೆ ನಾಲ್ಕರಲ್ಲಿ ಮುಗೀಬೇಕಿತ್ತು. 100 ಕೆಜಿ ದಾಟಿದ್ಮೇಲೆ ತಿಂದಿದ್ದು ಕೊಬ್ಬಿಗೆ ಹೋಗುತ್ತೆ. ಆ ನಾಲ್ಕನ್ನೂ ಮೊದಲು ಸಾಗಿಸಿ. ಆಮೇಲೆ ಸಂಜೆ ಫೀಡ್ ಹಾಕಿ ಅರ್ಧ ಗಂಟೆ ಬಿಟ್ಟು ತೊಟ್ಟಿ ಸುತ್ತ ನೆಲ ಕೆರೆದು ತೂಗಿ. ನಮ್ದು ಅಗಲ ತೊಟ್ಟಿ, ಹಂದಿ ಒಳಗೇ ನಿಂತು ಮೂತಿಲಿ ಆಚೆ ತಳ್ತಿದ್ವು. ಒಂದೊಂದು ಅಡಿಗೆ ಕಬ್ಬಿಣದ ಸರಳು ಬೆಸುಗೆ ಹಾಕಿಸಿದೆ, ಒಂದು ಸಂದಿಗೆ ಒಂದೇ ತಲೆ. ದಿನಾ ಮೂರು ಕೆಜಿ ಉಳೀತು.

ದೊಡ್ಡ ಹಂದಿಗೆ ನನ್ನ ಮಿಕ್ಸ್, 100 ಕೆಜಿ ಲೆಕ್ಕಕ್ಕೆ: ಮೆಕ್ಕೆಜೋಳ 55, ಅಕ್ಕಿ ತೌಡು 22, ಸೋಯಾ ಹಿಂಡಿ 20, ಮಿನರಲ್ ಮಿಕ್ಸ್ಚರ್ ಎರಡೂವರೆ, ಉಪ್ಪು ಅರ್ಧ ಕೆಜಿ. ಬೀಸಿಸೋದೂ ಸೇರಿ ನನಗೆ ಕೆಜಿಗೆ 30 ಬೀಳುತ್ತೆ. ಮರಿಗಳಿಗೆ ಇದು ಬೇಡ, ಅವಕ್ಕೆ ಪ್ರೋಟೀನ್ ಜಾಸ್ತಿ ಬೇಕು. ತೌಡು ಹದಿನೈದು ದಿನಕ್ಕಾಗೋಷ್ಟೇ ತನ್ನಿ, ಎಣ್ಣೆ ಅಂಶ ಇರೋದ್ರಿಂದ ಕಮಟು ಬರುತ್ತೆ. ಬೂಷ್ಟು ಹಿಡಿದ ಜೋಳ ಅಗ್ಗಕ್ಕೆ ಸಿಕ್ತು ಅಂತ ಒಂದ್ಸಲ ತಂದು ಒಂದು ತಿಂಗಳ ಬೆಳವಣಿಗೆ ಕಳ್ಕೊಂಡಿದ್ದೀನಿ.

ಪಾಂಡವಪುರದವ:
ಅಣ್ಣ, ನಿನ್ನೆ ಸಂಜೆ ಕೆರೆದು ತೂಗಿದೆ. ನಾಲ್ಕೂಕಾಲು ಕೆಜಿ! ನಮ್ಮವ್ವನ ನಾಟಿ ಕೋಳಿಗಳು ಯಾಕೆ ಹಿಂಗೆ ಕೊಬ್ಬವೆ ಅಂತ ಈಗ ಗೊತ್ತಾಯ್ತು, ತೊಟ್ಟಿ ಪಕ್ಕನೇ ಬಿದ್ದಿರ್ತವೆ. ದೊಡ್ಡವಕ್ಕೆ ವ್ಯಾಪಾರಿ ಈಗ "ಕೊಬ್ಬು ಜಾಸ್ತಿ" ಅಂತ 140ಕ್ಕೆ ಇಳಿದವ್ನೆ. ಶನಿವಾರ ಕೊಟ್ಬಿಡ್ತೀನಿ. ಹೋಟೆಲ್‌ನವರಿಗೆ ಬೇಡ ಅಂದೆ. ಸರಳು ಎಷ್ಟು ಎಂಎಂದು ಹಾಕ್ಸಿದ್ರಿ?

ನಂಜನಗೂಡು ಫಾರಂ:
12. ತೆಳ್ಳಗಿದ್ರೆ ಬಗ್ಗಿಸ್ತವೆ.