ಬೆಳೆದ ನಾಯಿ ಮನೆಯೊಳಗೇ ಒಂದಕ್ಕೆ ಹೋಗುತ್ತಿದೆ, ನಿಮ್ಮ ಅನುಭವ ಹೇಳಿ

ಮಡಿಕೇರಿಯಿಂದ, ಕೇಳಿದವರು: ನಾಲ್ಕು ವರ್ಷದ ಹೆಣ್ಣು ಲ್ಯಾಬ್. ಅಣ್ಣ ಬೆಂಗಳೂರಿಗೆ ಹೋದ ಮೇಲೆ ನಮ್ಮ ಮನೆಗೆ ಬಂತು. ಮರಿ ಆಗದ ಹಾಗೆ ಆಪರೇಷನ್ ಆಗಿದೆ. ಮಳೆ ಹಿಡಿದಾಗಿನಿಂದ ಹಾಲ್‌ನಲ್ಲೂ ದೇವರ ಕೋಣೆ ಬಾಗಿಲಲ್ಲೂ ಒಂದಕ್ಕೆ ಹೋಗುತ್ತಿದೆ. ಅತ್ತೆಗೆ ಸಾಕಾಗಿದೆ. ಬೆಳೆದ ನಾಯಿಗೆ ಅಭ್ಯಾಸ ಮಾಡಿಸಿದವರು ದಯವಿಟ್ಟು ಹೇಳಿ.

ಸೋಮವಾರಪೇಟೆಯಿಂದ: ನಮ್ಮ ಬೀಗಲ್ ಜೂನ್ ಬಂದರೆ ಮೆಟ್ಟಿಲು ಇಳಿಯುತ್ತಿರಲಿಲ್ಲ. ಒಮ್ಮೆ ಮೂಗಿನೊಳಗೆ ಜಿಗಣೆ ಹೋಗಿ ರಕ್ತ ಸೀನಿತ್ತು. ಆಮೇಲೆ ಹುಲ್ಲು ಕಂಡರೇ ಹಿಂದೆ ಸರಿಯುತ್ತಿತ್ತು. ಅಡುಗೆಮನೆ ಹಿಂದೆ ಶೀಟು ಇಳಿಸಿ ಕೆಳಗೆ ಮರಳು ಹಾಕಿಸಿದೆ. ಶೀಟು, ಪೈಪು, ಕೂಲಿ ಸೇರಿ 14,000. ಕಕ್ಕಡ ತಿಂಗಳ ಮಳೆಗಾಳಿಗೆ ಶೀಟು ಹಾರಿ ಪಕ್ಕದವರ ಜೀಪಿನ ಬಾನೆಟ್ ಮೇಲೆ ಬಿತ್ತು. ಅದಕ್ಕೆ 6,500 ಬೇರೆ. ಮತ್ತೆ ಹಾಕಿಸಿದೆ. ಎದ್ದ ಕೂಡಲೇ, ಊಟ ಆದ ಮೇಲೆ, ಮಲಗುವ ಮುಂಚೆ ಚೈನ್ ಹಾಕಿ ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದೆ. ಮಾತಿಲ್ಲ, ಆಟ ಇಲ್ಲ. ಹೊಯ್ದು ಮುಗಿಸಿದ ಕೂಡಲೇ, ಅಲ್ಲೇ, ಬೇಯಿಸಿದ ಕೋಳಿ ಲಿವರ್ ಒಂದು ಚೂರು. ಒಳಗೆ ಬಂದ ಮೇಲೆ ಕೊಟ್ಟರೆ, ಒಳಗೆ ಬಂದಿದ್ದಕ್ಕೇ ಸಿಕ್ಕಿತು ಅಂದುಕೊಳ್ಳುತ್ತೆ. ಹೊರಗೆ ಹೋಗಲಿಲ್ಲ ಅಂದರೆ ಒಳಗೂ ಚೈನ್ ನನ್ನ ಸೊಂಟಕ್ಕೇ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೊರಗೆ. ಈಗ ಎಷ್ಟೇ ಮಳೆ ಸುರಿಯಲಿ, ತಾನೇ ಬಾಗಿಲು ಕೆರೆಯುತ್ತೆ. ನನಗೆ ಆ ಬಗ್ಗೆ ಹೆಮ್ಮೆ ಇದೆ.

ಗೋಣಿಕೊಪ್ಪದಿಂದ: ಎಲ್ಲರೂ ಅಭ್ಯಾಸ, ಅಭ್ಯಾಸ ಅಂತೀರಿ. ಮೊದಲು ಡಾಕ್ಟರಿಗೆ ತೋರಿಸಿ. ನಮ್ಮ ಹೆಣ್ಣು ನಾಯಿಗೆ ಆಪರೇಷನ್ ಆಗಿ ಕೆಲವು ವರ್ಷಕ್ಕೆ ಮಲಗಿದ ಜಾಗ ಒದ್ದೆ ಆಗೋಕೆ ಶುರುವಾಯಿತು. ಟ್ರೇನರ್ ಒಬ್ಬರು ‘ಹಟ ಮಾಡುತ್ತಿದೆ, ಮೂತ್ರದಲ್ಲೇ ಮೂಗು ತಿಕ್ಕಿ’ ಅಂದರು. ಮುಂಗಡ ತೆಗೆದುಕೊಂಡ 12,000 ವಾಪಸ್ ಬರಲಿಲ್ಲ. ಹಾಳಾದ ಹಾಸಿಗೆ 9,200. ಮೈಸೂರಿಗೆ ಟ್ಯಾಕ್ಸಿ 3,800, ಸ್ಕ್ಯಾನ್ ಬೇರೆ. ಕೊನೆಗೆ ಗೊತ್ತಾಗಿದ್ದು, ಹಾರ್ಮೋನ್ ಕಮ್ಮಿಯಾಗಿ ಮೂತ್ರ ಹಿಡಿಯುವ ಸ್ನಾಯು ಸಡಿಲ ಆಗಿದೆ ಅಂತ. ಪಾಪ, ಅದಕ್ಕೇ ಗೊತ್ತಿಲ್ಲದೆ ನಿದ್ದೆಯಲ್ಲಿ ಸೋರುತ್ತಿತ್ತು. ಈಗ ದಿನಾ ಮಾತ್ರೆ. ಆಪರೇಷನ್‌ಗೆ ಮುಂಚೆ ಇದನ್ನು ಯಾರೂ ಹೇಳಲಿಲ್ಲ.

ವಿರಾಜಪೇಟೆಯಿಂದ: ಅಕ್ಕ, ಹೀಗೆ ಬರೆದರೆ ಜನ ಆಪರೇಷನ್‌ಗೇ ಹೆದರುತ್ತಾರೆ. ನಮ್ಮ ಹಳೇ ನಾಯಿಗೆ ಮಾಡಿಸಲು ಮನೆಯಲ್ಲಿ ಬಿಡಲಿಲ್ಲ. ನೀರು ಕುಡಿದು ಕುಡಿದು ಮನೆ ತುಂಬಾ ಹೊಯ್ಯುತ್ತಿತ್ತು. ನೋಡಿದರೆ ಗರ್ಭಕೋಶದಲ್ಲಿ ಕೀವು. ಉಳಿಯಲಿಲ್ಲ.

ಗೋಣಿಕೊಪ್ಪದಿಂದ: ಮಾಡಿಸಬೇಡಿ ಅಂತ ನಾನು ಎಲ್ಲಿ ಬರೆದೆ? ಓದಿ ಮಾತಾಡಿ.

ಸಿದ್ದಾಪುರದಿಂದ: ನಾಯಿ ಒಳಗಿದ್ದರೆ ತಾನೆ ಈ ತೊಂದರೆ? ನಮ್ಮ ತೋಟದಲ್ಲಿ ಅಜ್ಜನ ಕಾಲದಿಂದ ನಾಯಿ ಜಗಲಿಯಲ್ಲೇ. ಒಂದು ರೂಪಾಯಿ ಖರ್ಚಿಲ್ಲ.

ಪೊನ್ನಂಪೇಟೆಯಿಂದ: ನಮ್ಮದೂ ಜಗಲಿಯಲ್ಲೇ ಇತ್ತು ಅಣ್ಣ. ಚಿರತೆ ಎತ್ತಿಕೊಂಡು ಹೋಯಿತು. ಬೆಳಿಗ್ಗೆ ನೋಡಿದರೆ ಕಂಬದಲ್ಲಿ ಚೈನ್, ಅದರ ತುದಿಗೆ ಕಿತ್ತ ಬೆಲ್ಟ್. ಮಗಳು ವಾರಗಟ್ಟಲೆ ಸರಿಯಾಗಿ ಊಟ ಮಾಡಲಿಲ್ಲ. ಹೊರಗೆ ಕಟ್ಟಿ ಅಂತ ಸುಮ್ನೆ ಹೇಳಬೇಡಿ.

ಸಿದ್ದಾಪುರದಿಂದ: ನಮ್ಮ ಕಡೆ ಆನೆ ಕಾಟ. ರಾತ್ರಿ ಬೊಗಳೋಕೆ ಹೊರಗೆ ನಾಯಿ ಬೇಕೇ ಬೇಕು. ಲ್ಯಾಬ್ ಸಾಕುವವರಿಗೆ ಇದು ಅರ್ಥ ಆಗಲ್ಲ.

ಪೊನ್ನಂಪೇಟೆಯಿಂದ: ಹೋಗಿದ್ದು ಲ್ಯಾಬ್ ಅಲ್ಲ, ನಾಟಿ ನಾಯಿ. ಬೊಗಳುತ್ತಲೇ ಹೋಯಿತು.

ಕುಶಾಲನಗರದಿಂದ: ಜಗಳ ಬಿಡಿ. ವಾಸನೆ ಉಳಿದರೆ ನಾಯಿ ಮತ್ತೆ ಅಲ್ಲೇ ಹೋಗುತ್ತೆ. ಅಮೋನಿಯಾ ಇರೋ ಕ್ಲೀನರ್ ಬೇಡ, ಅದರ ವಾಸನೆ ಮೂತ್ರದ ಹಾಗೇ. ನಾನು ವಿನೆಗರ್‌ಗೆ ನೀರು ಬೆರೆಸಿ ಒರೆಸುತ್ತೇನೆ.

ಸೋಮವಾರಪೇಟೆಯಿಂದ: ರೆಡ್ ಆಕ್ಸೈಡ್ ನೆಲಕ್ಕೆ ದಯವಿಟ್ಟು ವಿನೆಗರ್ ಹಾಕಬೇಡಿ. ಹುಳಿಗೆ ಸಿಮೆಂಟಿನ ಮೈ ಹೋಗುತ್ತೆ. ನಮ್ಮ ತಾತ ಹಾಕಿಸಿದ ನೆಲದಲ್ಲಿ ಬಾಡಿಗೆಯವರು ಮಾಡಿದ ತಟ್ಟೆಯಗಲದ ಬಿಳಿ ಕಲೆ ಇನ್ನೂ ಇದೆ. ಪಾಲಿಶ್‌ನವರು 4,000 ತೆಗೆದುಕೊಂಡರು, ಕಲೆ ಹೋಗಲಿಲ್ಲ. ಎಂಜೈಮ್ ಇರೋ ಲಿಕ್ವಿಡ್ ತನ್ನಿ. ಬೆಲೆ ಜಾಸ್ತಿ. ಹಾಕಿದ ತಕ್ಷಣ ಒರೆಸಬೇಡಿ, ಸ್ವಲ್ಪ ಹೊತ್ತು ಹಸಿಯಾಗಿಯೇ ಬಿಡಿ.

ಕುಶಾಲನಗರದಿಂದ: ನಮ್ಮದು ಟೈಲ್ಸ್. ಏನೂ ಆಗಿಲ್ಲ.

ಸೋಮವಾರಪೇಟೆಯಿಂದ: ಟೈಲ್ಸ್ ಸಂದಿಯಲ್ಲೂ ಸಿಮೆಂಟೇ ಅಲ್ವಾ ಸರ್?

ಮಡಿಕೇರಿಯಿಂದ, ಕೇಳಿದವರು: ಹಾಸಿಗೆ ಮುಟ್ಟಿ ನೋಡಿದೆ, ಒಣಗೇ ಇದೆ. ಆದರೆ ನೀರು ಮೊದಲಿಗಿಂತ ಜಾಸ್ತಿ ಕುಡಿಯುತ್ತಿದೆ. ನಾಳೆ ಬೆಳಿಗ್ಗೆಯ ಮೂತ್ರ ಬಾಟಲಿಯಲ್ಲಿ ಹಿಡಿದು ಡಾಕ್ಟರಿಗೆ ಕೊಡುತ್ತೇವೆ. ನಮ್ಮದೂ ರೆಡ್ ಆಕ್ಸೈಡ್ ನೆಲ, ವಿನೆಗರ್ ಹಾಕಲ್ಲ. ಸೋಮವಾರಪೇಟೆಯವರೇ, ಎರಡನೇ ಸಲ ಶೀಟು ಹಾರದ ಹಾಗೆ ಹೇಗೆ ಕಟ್ಟಿಸಿದಿರಿ? ಅದನ್ನು ಬರೆಯಿರಿ.