ಆಷಾಢಕ್ಕೆ ಮೊದಲು ಮುಂಗಡ ಕೊಡಬೇಕೆ?

ಓದುಗರ ಸಮಸ್ಯೆ: ನಾನು ಮತ್ತು ನನ್ನ ಪತಿ ಇಬ್ಬರೂ ಶಿವಮೊಗ್ಗದಲ್ಲಿ ಖಾಸಗಿ ಉದ್ಯೋಗದಲ್ಲಿದ್ದೇವೆ. ಇಬ್ಬರ ಸಂಬಳ ಸೇರಿ ತಿಂಗಳಿಗೆ 68,000 ರೂಪಾಯಿ ಕೈಗೆ ಬರುತ್ತದೆ. ಒಂಬತ್ತು ವರ್ಷಗಳಲ್ಲಿ 12 ಲಕ್ಷ ಉಳಿಸಿದ್ದೇವೆ. ಬಾಡಿಗೆ 9,000 ರೂಪಾಯಿ. ಊರಂಚಿನ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ 30×40 ನಿವೇಶನದಲ್ಲಿ ಕಟ್ಟಿದ ಹೊಸ ಮನೆಯೊಂದಕ್ಕೆ 44 ಲಕ್ಷ ಹೇಳಿದ್ದಾರೆ. ಆಷಾಢ ಹಿಡಿಯುವ ಮೊದಲು 3 ಲಕ್ಷ ಮುಂಗಡವನ್ನು ನಗದಾಗಿ ಕೊಟ್ಟರೆ ಮಾತ್ರ ನಮಗೆ, ಇಲ್ಲವಾದರೆ ಬೇರೆಯವರಿಗೆ ಎನ್ನುತ್ತಾರೆ. ಅಷ್ಟು ಸಾಲ ಬೇಡ, ತೀರ್ಥಹಳ್ಳಿ ಕಡೆ ನಮ್ಮ ಊರಿನ ಪಕ್ಕದಲ್ಲಿ ಮಾರಾಟಕ್ಕಿರುವ ಹಳೆಯ ಹೆಂಚಿನ ಮನೆಯನ್ನು 22 ಲಕ್ಷಕ್ಕೆ ಕೊಳ್ಳಿ ಎಂಬುದು ಮಾವನವರ ಸಲಹೆ. ನಮಗೆ ಇದು ಮೊದಲ ಮನೆ. ಏನು ಮಾಡುವುದು ಸರಿ?

ಓದುಗರ ಸ್ಪಂದನ

ಸೋದರಿ, ನಿಮ್ಮ ಪತ್ರದಲ್ಲಿ ಬೆಲೆಯ ಮಾತಿದೆ, ಸಾಲದ ಮಾತಿದೆ, ಆಷಾಢದ ಮಾತೂ ಇದೆ. ಆದರೆ ಆ ಮನೆಗೆ ಯಾವ ಖಾತೆ ಇದೆ ಎಂಬ ಮಾತು ಎಲ್ಲಿಯೂ ಇಲ್ಲ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಆಸ್ತಿ ಎಂದಮೇಲೆ ಮೊದಲು ಕೇಳಬೇಕಾದುದು ಇ-ಸ್ವತ್ತಿನ ದಾಖಲೆ, ಅಂದರೆ ಪಂಚಾಯಿತಿಯ ಗಣಕೀಕೃತ ಆಸ್ತಿ ದಾಖಲೆ. ನಮೂನೆ 9 ಮತ್ತು 11-ಎ ಇದ್ದರೆ ಒಂದು ಮಾತು, 11-ಬಿ ಇದ್ದರೆ ಬೇರೆಯೇ ಮಾತು. ಕೃಷಿ ಜಮೀನನ್ನು ಭೂಪರಿವರ್ತನೆ ಮಾಡಿಸದೆ, ವಿನ್ಯಾಸಕ್ಕೆ ಅನುಮೋದನೆ ಪಡೆಯದೆ ನಿವೇಶನಗಳಾಗಿ ತುಂಡರಿಸಿ ಮಾರಿದ ಕಡೆಗಳಲ್ಲಿ ಸಾಮಾನ್ಯವಾಗಿ ಸಿಗುವುದು 11-ಬಿ. ಅದನ್ನು ತೋರಿಸಿ 'ಖಾತೆ ಇದೆಯಲ್ಲ, ಕಂದಾಯವನ್ನೂ ಕಟ್ಟಿದ್ದೇವೆ' ಎಂದು ಹೇಳುವವರು ಬಹಳ ಮಂದಿ. ಕಂದಾಯ ಕಟ್ಟಿದ ರಸೀದಿಯಿಂದ ಅಕ್ರಮ ಬಡಾವಣೆ ಸಕ್ರಮವಾಗುವುದಿಲ್ಲ, ಕ್ರಯಪತ್ರ ನೋಂದಣಿಯಾದ ಮಾತ್ರಕ್ಕೂ ಆಗುವುದಿಲ್ಲ.

ಆದ್ದರಿಂದ ಭೂ ಕಂದಾಯ ಅಧಿನಿಯಮದ 95ನೇ ಕಲಮಿನ ಅಡಿ ಹೊರಟ ಭೂಪರಿವರ್ತನೆ ಆದೇಶದ ನಕಲನ್ನು ಕೇಳಿ, ಅದರಲ್ಲಿರುವ ಸರ್ವೆ ನಂಬರು, ವಿಸ್ತೀರ್ಣ ಮತ್ತು ಚೆಕ್ಕುಬಂದಿಗಳು (ನಾಲ್ಕು ದಿಕ್ಕಿನ ಗಡಿಗಳು) ನಿಮಗೆ ತೋರಿಸುತ್ತಿರುವ ನಿವೇಶನಕ್ಕೆ ಹೊಂದುತ್ತವೆಯೇ ಎಂದು ಸ್ಥಳದಲ್ಲೇ ನಿಂತು ನೋಡಿ. ಊರಂಚಿನ ಎಷ್ಟೋ ಹಳ್ಳಿಗಳು ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರದ (ಸೂಡಾ) ಯೋಜನಾ ವ್ಯಾಪ್ತಿಗೆ ಸೇರಿವೆ. ಅಲ್ಲಿ ಬಡಾವಣೆಯ ನಕ್ಷೆಗೆ ಸೂಡಾ ಅನುಮೋದನೆ ಇರಬೇಕು. ಅನುಮೋದಿತ ನಕ್ಷೆಯಲ್ಲಿ ಉದ್ಯಾನವನಕ್ಕೆಂದು ಬಿಟ್ಟ ಜಾಗವೇ ಮುಂದೆ ನಿವೇಶನವಾಗಿ ಮಾರಾಟವಾದದ್ದನ್ನು ನಾನು ಸೇವೆಯಲ್ಲಿದ್ದಾಗ ಕಣ್ಣಾರೆ ಕಂಡಿದ್ದೇನೆ. ಕೊಂಡವರು ಪಾಪ, ಗೃಹಪ್ರವೇಶವನ್ನೂ ಮಾಡಿ ಮುಗಿಸಿದ್ದರು.

ಇನ್ನು ಆಸ್ತಿಯ ಮೇಲಿನ ಮಾರಾಟ, ಅಡಮಾನಗಳನ್ನು ತೋರಿಸುವ ಋಣಭಾರ ಪತ್ರದ (ಇ.ಸಿ.) ವಿಚಾರ. 2004ರ ಏಪ್ರಿಲ್‌ನಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೇ ಅರ್ಜಿ ಕೊಡಬೇಕು. ಮಾರುವವರು ಹತ್ತು ಹದಿನೈದು ವರ್ಷದ್ದನ್ನು ಮಾತ್ರ ತೆಗೆದುಕೊಟ್ಟು ಸುಮ್ಮನಾಗುತ್ತಾರೆ. ನೀವು ಮೂವತ್ತು ವರ್ಷದ್ದನ್ನು ಕೇಳಿ. ಅದರಲ್ಲಿ ನೋಂದಣಿಯಾದ ವ್ಯವಹಾರಗಳಷ್ಟೇ ಕಾಣುತ್ತವೆ. ನ್ಯಾಯಾಲಯದಲ್ಲಿರುವ ದಾವೆಯಾಗಲಿ, ನೋಂದಣಿಯಾಗದ ಕರಾರಾಗಲಿ ಅಲ್ಲಿ ಬರುವ ಖಾತ್ರಿಯಿಲ್ಲ. ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಜಮೀನು ಮೂಲತಃ ದರಖಾಸ್ತಿನಲ್ಲೋ (ಅರ್ಜಿಯ ಮೇಲೆ) ಬಗರ್ ಹುಕುಂನಲ್ಲೋ (ಅನುಮತಿಯಿಲ್ಲದೆ ಸಾಗುವಳಿ ಮಾಡಿದ್ದಕ್ಕೆ) ಸರ್ಕಾರದಿಂದ ಮಂಜೂರಾದದ್ದಾದರೆ ಮಂಜೂರಾತಿಯ ಷರತ್ತುಗಳನ್ನು ಓದಬೇಕು. ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದ ಜಮೀನಾಗಿದ್ದರೆ 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾರುವಂತಿಲ್ಲ. ನಡುವೆ ನಾಲ್ಕು ಕೈ ಬದಲಾಗಿದ್ದರೂ ಜಮೀನು ಮೂಲ ಮಂಜೂರಿದಾರರಿಗೆ ಹಿಂದಿರುಗಬಹುದು. ಹಳೆಯ ಪಹಣಿಗಳನ್ನೂ ಮ್ಯುಟೇಶನ್ ದಾಖಲೆಗಳನ್ನೂ ತೆಗೆಸಿ ನೋಡಿದರೆ ಇದು ತಿಳಿಯುತ್ತದೆ. ಇದಕ್ಕೆ ಸಿವಿಲ್ ವಕೀಲರೊಬ್ಬರಿಗೆ ಶುಲ್ಕ ಕೊಡಿ. ಮಾರುವವರ ಕಡೆಯ ವಕೀಲರನ್ನೇ ನಂಬಿ ಕೂರಬೇಡಿ.

ಇನ್ನು ನಗದು. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಪಡೆದವರಿಗೆ ಪಡೆದಷ್ಟೇ ದಂಡ ಬೀಳಬಹುದು. 3 ಲಕ್ಷವನ್ನು ನಗದಾಗಿ ಕೇಳಿದವರು ನಾಳೆ ಕ್ರಯಪತ್ರದಲ್ಲಿ ಎಷ್ಟು ಬರೆಸೋಣ ಎಂದೂ ಕೇಳುತ್ತಾರೆ. ಮುಂಗಡ ಕೊಡಲೇಬೇಕಾದರೆ ಸಣ್ಣ ಮೊತ್ತವನ್ನು ಬ್ಯಾಂಕಿನ ಮೂಲಕ, ಲಿಖಿತ ಕರಾರಿನೊಂದಿಗೆ ಕೊಡಿ. 'ಬ್ಯಾಂಕಿನ ವಕೀಲರು ದಾಖಲೆಗಳನ್ನು ಒಪ್ಪದಿದ್ದರೆ ಅಥವಾ ಸಾಲ ಮಂಜೂರಾಗದಿದ್ದರೆ ಮುಂಗಡವನ್ನು ಪೂರ್ತಿ ಹಿಂದಿರುಗಿಸತಕ್ಕದ್ದು' ಎಂಬ ಒಂದು ಸಾಲು ಅದರಲ್ಲಿ ಇರಲೇಬೇಕು.
— ನಿವೃತ್ತ ಕಂದಾಯ ನೌಕರರು, ಶಿವಮೊಗ್ಗ

ನಾನು ಸಾಲದ ವಿಭಾಗದಲ್ಲಿ ಬಹಳ ಕಾಲ ಕೆಲಸ ಮಾಡಿದವನು. ನಿಮ್ಮ ಲೆಕ್ಕವನ್ನು ನಾನೇ ಹಾಕಿ ನೋಡಿದೆ. ಸಾಲದ ಮೊತ್ತ 30 ಲಕ್ಷದ ಒಳಗಿದ್ದರೆ ಮನೆಯ ಬೆಲೆಯ ಶೇ. 90ರವರೆಗೆ, 30ರಿಂದ 75 ಲಕ್ಷದ ನಡುವೆ ಇದ್ದರೆ ಶೇ. 80ರವರೆಗೆ ಮಾತ್ರ ಕೊಡಬಹುದು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. 44 ಲಕ್ಷಕ್ಕೆ ನಿಮಗೆ ಹೆಚ್ಚೆಂದರೆ 35.2 ಲಕ್ಷ ಸಿಗಬಹುದು, ಉಳಿದ 8.8 ಲಕ್ಷ ನಿಮ್ಮದು. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕಗಳನ್ನು ಈ ಬೆಲೆಗೆ ಸೇರಿಸುವುದಿಲ್ಲ. ರಾಜ್ಯದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿದೆ. ಶೇ. 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಅಧಿಭಾರ ಸೇರಿದರೆ ಗ್ರಾಮೀಣ ಪ್ರದೇಶದಲ್ಲಿ ಒಟ್ಟು ಶೇ. 7.65 ಆಗುತ್ತದೆ, ಅಂದರೆ 3,36,600 ರೂಪಾಯಿ. ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರ ನಿಮ್ಮ ಬೆಲೆಗಿಂತ ಹೆಚ್ಚಿದ್ದರೆ ಶುಲ್ಕವೂ ಅದಕ್ಕೆ ತಕ್ಕಂತೆ ಹೆಚ್ಚುತ್ತದೆ. ನಿಮ್ಮ ಪಾಲಿನ 8.8 ಲಕ್ಷ, ಈ ಶುಲ್ಕ ಎರಡೂ ಸೇರಿ 12 ಲಕ್ಷದ 16 ಸಾವಿರ ದಾಟಿತು! ಒಂಬತ್ತು ವರ್ಷದ ಉಳಿತಾಯ ನೋಂದಣಿಯ ದಿನವೇ ಬರಿದಾಗಿ, ವಕೀಲರ ಶುಲ್ಕಕ್ಕೂ ಬ್ಯಾಂಕಿನ ಸಂಸ್ಕರಣಾ ಶುಲ್ಕಕ್ಕೂ ಕೈಸಾಲ ಮಾಡಬೇಕಾಗುತ್ತದೆ.

ಕಂತಿನ ವಿಚಾರ ಇನ್ನೂ ಬಿಗಿಯಾಗಿದೆ. ಬಡ್ಡಿ ಶೇ. 8.5 ಎಂದು ಹಿಡಿದರೆ 35 ಲಕ್ಷಕ್ಕೆ 20 ವರ್ಷದ ಕಂತು ತಿಂಗಳಿಗೆ ಸುಮಾರು 30,400 ರೂಪಾಯಿ. ನಿಮ್ಮ ಆದಾಯದ ಶೇ. 45ರ ಹತ್ತಿರ. ಕೊನೆಯವರೆಗೂ ಹಾಗೆಯೇ ಕಟ್ಟಿದರೆ ಬಡ್ಡಿಯೇ 37 ಲಕ್ಷ ದಾಟುತ್ತದೆ. ಇಬ್ಬರದೂ ಖಾಸಗಿ ಉದ್ಯೋಗ. ಒಬ್ಬರ ಸಂಬಳ ಆರು ತಿಂಗಳು ನಿಂತರೆ ಏನಾಗುತ್ತದೆ ಎಂದು ಯೋಚಿಸಿ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಮಿತಿ 25 ಲಕ್ಷದ ಸಾಲ. ಅದಕ್ಕೆ 20 ವರ್ಷದ ಕಂತು ಸುಮಾರು 21,700, 15 ವರ್ಷಕ್ಕಾದರೆ ಸುಮಾರು 24,600. ತಿಂಗಳಿಗೆ ಮೂರು ಸಾವಿರ ಹೆಚ್ಚು ಕಟ್ಟಿ ಒಟ್ಟು ಬಡ್ಡಿಯಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಉಳಿಸಬಹುದು. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ವ್ಯಕ್ತಿಗಳಿಗೆ ದಂಡ ಹಾಕುವಂತಿಲ್ಲ. ಬೋನಸ್ಸು ಬಂದಾಗ, ಊರಿನಿಂದ ಅಡಿಕೆಯ ಹಣ ಬಂದಾಗ ಅಸಲಿಗೆ ಹಾಕುತ್ತಾ ಹೋಗಿ.

ಆದಾಯ ತೆರಿಗೆ ಉಳಿಯುತ್ತದೆ ಎಂದು ಯಾರಾದರೂ ಆಸೆ ತೋರಿಸಿದರೆ ನಂಬಬೇಡಿ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ಹೇಗೂ ತೆರಿಗೆ ಬರುವುದಿಲ್ಲ, ಸ್ವಂತ ವಾಸದ ಮನೆಯ ಬಡ್ಡಿಗೆ ಅಲ್ಲಿ ವಿನಾಯಿತಿಯೂ ಇಲ್ಲ. ಮತ್ತೊಂದು ಮಾತು: ಮನೆಯ ದಾಖಲೆ 11-ಬಿ ಎಂದು ಗೊತ್ತಾದರೆ ಅನೇಕ ಬ್ಯಾಂಕುಗಳು ಹಿಂದೆ ಸರಿಯುತ್ತವೆ. ಆಗ ಮಧ್ಯವರ್ತಿಯೇ 'ಫೈನಾನ್ಸಿನಲ್ಲಿ ಮಾಡಿಸಿಕೊಡುತ್ತೇನೆ' ಎಂದು ಹೆಚ್ಚಿನ ಬಡ್ಡಿಗೆ ಸಾಲ ತೋರಿಸುತ್ತಾನೆ. ಬ್ಯಾಂಕು ಬೇಡವೆಂದ ಮನೆಯನ್ನು ದುಬಾರಿ ಸಾಲ ಮಾಡಿ ಕೊಳ್ಳುವ ಅಗತ್ಯ ನಿಮಗಿಲ್ಲ.
— ನಿವೃತ್ತ ಬ್ಯಾಂಕ್ ಉದ್ಯೋಗಿ, ಸಾಗರ

ನಿಮ್ಮ ಮಾವನವರ ಸಲಹೆಯಂತೆಯೇ ನಾವು ಹನ್ನೊಂದು ವರ್ಷದ ಹಿಂದೆ ಹಳೆಯ ಹೆಂಚಿನ ಮನೆಯನ್ನು ಕೊಂಡವರು. ಮನೆ ತಂಪಾಗಿದೆ, ಅಂಗಳವಿದೆ, ಬಾವಿಯಿದೆ; ಕೊಂಡದ್ದಕ್ಕೆ ಪಶ್ಚಾತ್ತಾಪವಿಲ್ಲ. ಆದರೆ ಹೇಳಿದ ಬೆಲೆಗೆ ಮನೆ ಸಿಕ್ಕಿತೆಂದು ಮಾತ್ರ ಹೇಳಲಾರೆ. ಮಾಡಿಗೆ ಕೈ ಹಾಕಿದಾಗ ಮಾಡು ಹೊತ್ತ ಅರ್ಧದಷ್ಟು ಪಕಾಸಿಗಳನ್ನು (ಮರದ ತೊಲೆಗಳನ್ನು) ಒರಲೆ (ಗೆದ್ದಲು) ತಿಂದಿತ್ತು. ಹೆಂಚು ಕೂರಿಸುವ ರೀಪುಗಳನ್ನು ಪೂರ್ತಿ ಬದಲಿಸಬೇಕಾಯಿತು, ವೈರಿಂಗ್ ಹೊಸದಾಗಿ ಮಾಡಿಸಬೇಕಾಯಿತು. ಹಳೆಯ ಮನೆಗೆ, ಅದರಲ್ಲೂ ನಕ್ಷೆಯಿಲ್ಲದ ಮನೆಗೆ, ಬ್ಯಾಂಕಿನವರು ಸುಲಭವಾಗಿ ಸಾಲ ಕೊಡುವುದಿಲ್ಲ. ಹಾಗಾಗಿ ಆ ಖರ್ಚೆಲ್ಲ ಒಡವೆ ಸಾಲದಿಂದ ಹೋಯಿತು.

ನಮಗೆ ನಿಜವಾಗಿ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಇಬ್ಬರು ಅಣ್ಣತಮ್ಮಂದಿರು ಸೇರಿ ನಮಗೆ ಕ್ರಯ ಬರೆದುಕೊಟ್ಟಿದ್ದರು. ಮದುವೆಯಾಗಿ ಕೊಪ್ಪದ ಕಡೆ ಹೋಗಿದ್ದ ಅವರ ತಂಗಿಯ ಸಹಿ ಯಾವ ಪತ್ರದಲ್ಲೂ ಇರಲಿಲ್ಲ. 'ಮದುವೆಯಲ್ಲಿ ಕೊಟ್ಟಾಗಿದೆ, ಅವಳಿಗೇನೂ ಇಲ್ಲ' ಎಂದು ಅಣ್ಣಂದಿರು ಹೇಳಿದ್ದನ್ನು ನಾವೂ ನಂಬಿದ್ದೆವು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ಕಾನೂನು ನಮ್ಮ ರಾಜ್ಯದಲ್ಲಿ 1994ರಲ್ಲೇ ಬಂದಿತ್ತು. 2005ರಲ್ಲಿ ದೇಶಕ್ಕೆಲ್ಲ ಬಂತು. ತಂದೆ ಆಗ ಬದುಕಿರಲಿ ಇಲ್ಲದಿರಲಿ ಹುಟ್ಟಿನಿಂದಲೇ ಮಗಳಿಗೆ ಹಕ್ಕಿದೆ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. ಆ ತಂಗಿ ತಮ್ಮ ಪಾಲನ್ನು ನ್ಯಾಯವಾಗಿಯೇ ಕೇಳಿದರು. ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳಲು ನಾವು ಮತ್ತೊಮ್ಮೆ ಹಣ ಹೊಂದಿಸಬೇಕಾಯಿತು. ಆದ್ದರಿಂದ ವಂಶವೃಕ್ಷವನ್ನು ಕೇಳಿ, ಅದರಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟಿದ್ದಾರೆಯೇ ಎಂದು ಊರಿನ ಹಿರಿಯರಲ್ಲಿ ವಿಚಾರಿಸಿ, ಎಲ್ಲರ ಸಹಿ ಇರುವ ಕ್ರಯಪತ್ರವನ್ನೇ ಮಾಡಿಸಿ.

ಮನೆ ನಿಂತಿರುವ ಜಾಗ ಯಾವುದು ಎಂದೂ ನೋಡಬೇಕು. ನಮ್ಮ ಕಡೆ ಎಷ್ಟೋ ಮನೆಗಳು ಸೊಪ್ಪಿನಬೆಟ್ಟದಲ್ಲೋ (ತೋಟಕ್ಕೆ ಸೊಪ್ಪು ತರುವ ಕಾಡು) ಕಾನಿನ (ದಟ್ಟ ಕಾಡಿನ) ಅಂಚಿನಲ್ಲೋ ಇವೆ. ತಲೆಮಾರುಗಳಿಂದ ವಾಸವಿದ್ದರೂ ದಾಖಲೆಯಲ್ಲಿ ಅರಣ್ಯವೋ ಸರ್ಕಾರಿ ಜಮೀನೋ ಆಗಿರುತ್ತದೆ. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಊರು ಮುಳುಗಡೆಯಾಗಿ ಬಂದವರಿಗೆ ಸರ್ಕಾರವೇ ತೋರಿಸಿದ ಜಾಗದ ಕಥೆ ಇಂದಿಗೂ ಮುಗಿದಿಲ್ಲ. ಸರ್ಕಾರಿ ಜಾಗದಲ್ಲಿ ಕಟ್ಟಿ ಭೂ ಕಂದಾಯ ಅಧಿನಿಯಮದ 94-ಸಿ ಅಡಿಯಲ್ಲಿ ಸಕ್ರಮವಾದ ಮನೆಯಾದರೆ ಹಕ್ಕುಪತ್ರದಲ್ಲಿ ಪರಭಾರೆಯ (ಮಾರಾಟದ) ಷರತ್ತು ಏನಿದೆ ಎಂದು ಓದಿ. ದಾರಿ ಯಾರ ಜಮೀನಿನಲ್ಲಿ ಹಾದುಬರುತ್ತದೆ, ಅಬ್ಬಿ ನೀರು (ಗುಡ್ಡದಿಂದ ಹರಿದುಬರುವ ನೀರು) ಯಾರ ತೋಟದಿಂದ ಇಳಿಯುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಮಾಡಿಸಿಕೊಳ್ಳಿ. ಮಾತಿನ ಮೇಲೆ ನಡೆದುಬಂದ ದಾರಿ, ಮನೆ ಕೈ ಬದಲಾದ ಮೇಲೆ ಮುಚ್ಚಿಹೋಗುವುದುಂಟು. ಎಲ್ಲಕ್ಕಿಂತ ಮೊದಲು, ದಿನವೂ ಅರವತ್ತು ಕಿಲೋಮೀಟರು ಹೋಗಿ ಅಷ್ಟೇ ದೂರ ಮರಳುವುದು ನಿಮ್ಮಿಬ್ಬರಿಗೂ ಸಾಧ್ಯವೇ ಎಂದು ಯೋಚಿಸಿ.
— ಗೃಹಿಣಿ, ತೀರ್ಥಹಳ್ಳಿ ತಾಲ್ಲೂಕು

ಆಷಾಢ ಹಿಡಿಯುವ ಮೊದಲೇ ವ್ಯವಹಾರ ಮುಗಿಸಬೇಕೆಂಬ ಆತುರ ಏಕೆ ಎಂದು ಕಟ್ಟಡದ ಕೆಲಸದಲ್ಲಿರುವ ನನಗೆ ಅರ್ಥವಾಗುತ್ತದೆ. ಶಾಸ್ತ್ರಕ್ಕೆ ಆಷಾಢ ಬೇಡವಿರಬಹುದು, ಮನೆ ನೋಡುವುದಕ್ಕೆ ಮಾತ್ರ ಅದಕ್ಕಿಂತ ಒಳ್ಳೆಯ ಕಾಲ ಮಲೆನಾಡಿನಲ್ಲಿಲ್ಲ. ಹೊಸದಾಗಿ ಬಣ್ಣ ಬಳಿದ ಗೋಡೆ ಬೇಸಿಗೆಯಲ್ಲಿ ಏನನ್ನೂ ಹೇಳುವುದಿಲ್ಲ. ಪುನರ್ವಸು ಮಳೆ ನಾಲ್ಕು ದಿನ ಹಿಡಿದ ಮೇಲೆ ಹೋಗಿ, ಪಶ್ಚಿಮದ ಗೋಡೆಯ ಒಳಮೈಗೆ ಅಂಗೈ ಇಟ್ಟು ನೋಡಿ. ತಾರಸಿಯ ಮೂಲೆ, ಕಿಟಕಿಯ ಕೆಳಭಾಗ, ಬಚ್ಚಲಿನ ಹಿಂದಿನ ಗೋಡೆಗಳನ್ನು ನೋಡಿ. ಸೋರುವ ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ಹಾಕಿ ಶೀಟು ಹೊದಿಸುವ ಖರ್ಚು ಮನೆಯ ಬೆಲೆಯಲ್ಲಿ ಸೇರಿರುವುದಿಲ್ಲ.

ಊರಂಚಿನ ಬಡಾವಣೆಗಳಲ್ಲಿ ಬಹಳಷ್ಟು ಹಿಂದೆ ಗದ್ದೆಗಳಾಗಿದ್ದವು. ಮಣ್ಣು ತುಂಬಿ ಸಮ ಮಾಡಿದ ಗದ್ದೆಯಲ್ಲಿ ತಳಪಾಯವನ್ನು ಗಟ್ಟಿ ನೆಲದವರೆಗೆ ಇಳಿಸದಿದ್ದರೆ ಎರಡು ಮೂರು ಮಳೆಗಾಲದಲ್ಲಿ ಗೋಡೆ ಓರೆಯಾಗಿ ಬಿರಿಯುತ್ತದೆ. ಬಾಗಿಲಿನ ಮೂಲೆಯಿಂದ ಕರ್ಣರೇಖೆಯಂತೆ ಹೊರಟ ಬಿರುಕು ಕಂಡರೆ ಅದನ್ನು ಗಾರೆಯ ಬಿರುಕು ಎಂದು ತಳ್ಳಿಹಾಕಬೇಡಿ. ಮನೆಯ ಹಿಂಬದಿಯಲ್ಲಿ ಧರೆ (ಗುಡ್ಡದ ಏರು) ಕಡಿದು ಜಾಗ ಮಾಡಿದ್ದರೆ ತಡೆಗೋಡೆಯಿದೆಯೇ, ಅದರಲ್ಲಿ ನೀರು ಹೊರಹೋಗುವ ಕಿಂಡಿಗಳಿವೆಯೇ ನೋಡಿ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನುಗ್ಗಿದಾಗ ಈ ರಸ್ತೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಮನೆಯ ಮಾಲೀಕರನ್ನು ಕೇಳಬೇಡಿ, ಎದುರಿನ ಅಂಗಡಿಯವರನ್ನು ಕೇಳಿ.
— ಸಿವಿಲ್ ಎಂಜಿನಿಯರ್, ಹೊಸನಗರ

ಎರಡು ವರ್ಷ ಬಾಡಿಗೆ ಮನೆಯಲ್ಲೇ ಇರಿ ಎಂದು ಯಾರೂ ಬರೆಯಲಾರರು ಎನಿಸಿತು, ಆದ್ದರಿಂದ ನಾನು ಬರೆಯುತ್ತಿದ್ದೇನೆ. 9,000 ರೂಪಾಯಿ ಬಾಡಿಗೆಗೂ 30,000 ರೂಪಾಯಿ ಕಂತಿಗೂ ನಡುವಿನ ವ್ಯತ್ಯಾಸ ತಿಂಗಳಿಗೆ 21,000. ಅದನ್ನು ಈಗಿನಿಂದಲೇ ಕಂತು ಎಂದು ಭಾವಿಸಿ ಆರ್‌ಡಿಗೆ ಹಾಕಿ ನೋಡಿ. ಆರು ತಿಂಗಳು ತಪ್ಪದೆ ಹಾಕಲು ಸಾಧ್ಯವಾದರೆ ಸಾಲ ತೀರಿಸುವ ಶಕ್ತಿ ನಿಮಗಿದೆ. ಸಾಧ್ಯವಾಗದಿದ್ದರೆ ಸಾಲವಿಲ್ಲದೆಯೇ ಅದು ತಿಳಿಯಿತು. ಎರಡು ವರ್ಷದಲ್ಲಿ ಐದು ಲಕ್ಷ ಸೇರುತ್ತದೆ. ಅಷ್ಟರಲ್ಲಿ ಬೆಲೆ ಏರಬಹುದು ಎಂಬ ಆಕ್ಷೇಪವನ್ನು ಒಪ್ಪುತ್ತೇನೆ. ಹಾಗಾದರೆ 35 ಲಕ್ಷದ ಒಳಗಿನ ಚಿಕ್ಕ ಮನೆಯನ್ನು ನಗರ ವ್ಯಾಪ್ತಿಯಲ್ಲಿ ಹುಡುಕಿ. ಕುಟುಂಬದ ವಾರ್ಷಿಕ ಆದಾಯ 9 ಲಕ್ಷದ ಒಳಗಿದ್ದು, ದೇಶದಲ್ಲಿ ಎಲ್ಲಿಯೂ ಸ್ವಂತ ಪಕ್ಕಾ ಮನೆ ಇಲ್ಲದವರು 25 ಲಕ್ಷದವರೆಗೆ ಸಾಲ ಮಾಡಿ 35 ಲಕ್ಷದವರೆಗಿನ ಮನೆ ಕೊಂಡರೆ, ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಎರಡನೆಯ ಹಂತದಲ್ಲಿ ಒಟ್ಟು 1.80 ಲಕ್ಷದವರೆಗೆ ಬಡ್ಡಿ ಸಹಾಯಧನವಿದೆ. 44 ಲಕ್ಷದ ಮನೆಗೆ ಅದು ಸಿಗುವುದಿಲ್ಲ. ಮಾವನವರು ಹೇಳಿದ ಮನೆಯನ್ನು ನಿಮ್ಮ ಹೆಸರಿಗೆ ಮೊದಲೇ ಕೊಂಡರೂ ಅರ್ಹತೆ ತಪ್ಪುತ್ತದೆ.
— ಖಾಸಗಿ ಉದ್ಯೋಗಿ, ಭದ್ರಾವತಿ

ನಾನು ಎರಡು ಮನೆ ಮಾರಿದವನು. ಮಾರುವವರ ಕಡೆಯಿಂದ ಎರಡು ಮಾತು. ದಾಖಲೆಗಳು ಸರಿಯಾಗಿದ್ದವನಿಗೆ ನಕಲು ಪ್ರತಿಗಳನ್ನು ಕೊಡುವುದಕ್ಕೆ ಸಂಕೋಚವಿರುವುದಿಲ್ಲ. ಕೊಳ್ಳುವವರ ವಕೀಲರು ನೋಡಿದಷ್ಟೂ ವ್ಯವಹಾರ ಬೇಗ ಮುಗಿಯುತ್ತದೆ ಎಂದು ಅವನಿಗೂ ಗೊತ್ತು. 'ಮುಂಗಡ ಕೊಟ್ಟ ಮೇಲೆ ಜೆರಾಕ್ಸ್ ಕೊಡುತ್ತೇನೆ' ಎಂದರೆ ಅನುಮಾನಪಡಿ. ನಾಳೆಯೇ ಹೋಗಿ ಕ್ರಯಪತ್ರ, ಭೂಪರಿವರ್ತನೆ ಆದೇಶ, ಇ-ಸ್ವತ್ತಿನ ನಮೂನೆ ಈ ಮೂರನ್ನು ಕೇಳಿ. ಒಂದು ವಾರದಲ್ಲಿ ಬರದಿದ್ದರೆ ಮತ್ತೆ ಫೋನು ಮಾಡಬೇಡಿ.
— ಅಡಿಕೆ ಬೆಳೆಗಾರರು, ಸೊರಬ ತಾಲ್ಲೂಕು